ಬೆಳ್ಳಿ ರೂಪಾಯಿಗೆ ಹುಣಸೆಹಣ್ಣು ಹಚ್ಚುವ ಮುನ್ನ

ಹುಣಸಗಿ: ದೀಪಾವಳಿ ಸಮೀಪಿಸಿದಂತೆ ಈ ಭಾಗದ ಅನೇಕ ಮನೆಗಳಲ್ಲಿ ಅಜ್ಜ-ಅಜ್ಜಿಯರ ಕಾಲದ ಬೆಳ್ಳಿ ರೂಪಾಯಿಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಹುಣಸೆಹಣ್ಣು, ಬೂದಿ ಹಚ್ಚಿ ಫಳಫಳಿಸುವಂತೆ ತಿಕ್ಕಿ, ಲಕ್ಷ್ಮೀಪೂಜೆಗೆ ಇಡುವುದು ವಾಡಿಕೆ. ಪೂಜೆಗೆ ಇದರಿಂದ ಶೋಭೆ ಬರುತ್ತದೆ, ನಿಜ. ಆದರೆ ಸಂಗ್ರಹಕಾರರ ಕಣ್ಣಿನಲ್ಲಿ ಆ ನಾಣ್ಯದ ಬೆಲೆ ಅಂದೇ ಕುಸಿಯುತ್ತದೆ. ಒಮ್ಮೆ ತಿಕ್ಕಿ ಹೋದ ಮೇಲ್ಮೈಯನ್ನು ಯಾವ ಅಕ್ಕಸಾಲಿಗನೂ ಮರಳಿ ತರಲಾರ.

1858ರಲ್ಲಿ ಸುರಪುರ ಸಂಸ್ಥಾನ ಪತನಗೊಂಡ ಬಳಿಕ ನಿಜಾಮರ ಪಾಲಾದ ಈ ಸೀಮೆ, 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಆಡಳಿತದಲ್ಲಿಯೇ ಇತ್ತು. ಆದ್ದರಿಂದ ಇಲ್ಲಿನ ಮನೆಗಳಲ್ಲಿ ಎರಡು ಬಗೆಯ ರೂಪಾಯಿ ಸಿಗುತ್ತವೆ. ನಿಜಾಮರದು ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ಎಂಬ ಲೆಕ್ಕ ಹಿರಿಯರಿಗೆ ಇಂದಿಗೂ ನೆನಪಿದೆ.

ಈ ಲೆಕ್ಕದ ಹಿಂದೆ ತೂಕವೂ ಇದೆ, ಬೆಳ್ಳಿಯ ಅಂಶವೂ ಇದೆ. ಕಲ್ದಾರ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ಹಳೆಯ ತೊಲೆ. ಅದರಲ್ಲಿ ಶೇ 91.7ರಷ್ಟು ಬೆಳ್ಳಿ. ಚಾರ್‌ಮಿನಾರ್ ಚಿತ್ರವಿರುವ ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಬೆಳ್ಳಿ ಶೇ 81.8. ನಾಣ್ಯವನ್ನು ಪರೀಕ್ಷಿಸುವ ಮೊದಲ ಹೆಜ್ಜೆ ತಕ್ಕಡಿಯೇ ಆಗಬೇಕು. ಸವೆದ ನಾಣ್ಯ ಸ್ವಲ್ಪ ಹಗುರವಾಗುವುದು ಸಹಜ. ಕೆತ್ತನೆ ಹೊಸದರಂತಿದ್ದು ತೂಕ ಮಾತ್ರ ಬಹಳ ಕಡಿಮೆ ಬಂದರೆ ಅದು ಖೋಟಾ ಎಂದು ಸಂಶಯಪಡಬೇಕು.

ಎರಡನೆಯದು ಗುರುತು. ಹಾಲಿ ರೂಪಾಯಿಯಲ್ಲಿ ಚಾರ್‌ಮಿನಾರಿನ ನಡುಬಾಗಿಲಿನೊಳಗೆ ಒಂದು ಅಕ್ಷರವಿರುತ್ತದೆ. 'ಮೀಮ್' ಇದ್ದರೆ ಮೆಹಬೂಬ್ ಅಲಿ ಖಾನರ ಕಾಲದ್ದು, 'ಐನ್' ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದು. ಉಸ್ಮಾನರ ಆರಂಭದ ನಾಣ್ಯಗಳಲ್ಲಿ ಈ ಅಕ್ಷರ ಅರ್ಧ ಮಾತ್ರ ಇದ್ದು, ಅವುಗಳನ್ನು ಸಂಗ್ರಹಕಾರರು ಪ್ರತ್ಯೇಕ ಬಗೆಯೆಂದು ಪರಿಗಣಿಸುತ್ತಾರೆ. ಹುಣಸೆಹಣ್ಣಿನ ಉಜ್ಜಾಟದಲ್ಲಿ ಮಸುಕಾಗುವುದು ಇಂಥ ಸಣ್ಣ ಕೆತ್ತನೆಗಳೇ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನಾಣ್ಯದ ಸವೆತ ಸದಾ ಉಬ್ಬಿದ ಭಾಗದಿಂದಲೇ ಆರಂಭವಾಗುತ್ತದೆ. ಹಾಲಿ ರೂಪಾಯಿಯಲ್ಲಿ ಮಿನಾರುಗಳ ಹಾಗೂ ಮೇಲಂತಸ್ತಿನ ನವಿರು ಗೆರೆಗಳನ್ನು ನೋಡಬೇಕು. ಐದನೆಯ ಜಾರ್ಜ್ ರೂಪಾಯಿಯಲ್ಲಿ ಕಿರೀಟದ ಮಣಿಗಳು, ಮೀಸೆ, ನಿಲುವಂಗಿಯ ಮೇಲಿನ ಪುಟ್ಟ ಆನೆಯನ್ನು ಗಮನಿಸಬೇಕು. (1911ರ ರೂಪಾಯಿಯಲ್ಲಿ ಈ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವೆದ್ದು, ಮರುವರ್ಷ ಅಚ್ಚನ್ನೇ ತಿದ್ದಲಾಯಿತು. ಆ ವರ್ಷದ ರೂಪಾಯಿಗೆ ಇಂದಿಗೂ ಬೇಡಿಕೆ ಇದೆ.)

ಗೆರೆ ಮಸುಕಾಗಿದ್ದ ಮಾತ್ರಕ್ಕೆ ಸವೆದಿದೆ ಎಂದು ನಿರ್ಧರಿಸಬಾರದು. ಟಂಕಸಾಲೆಯಲ್ಲಿಯೇ ಅಚ್ಚು ಸರಿಯಾಗಿ ಬೀಳದಿರಬಹುದು. ಇದನ್ನು ತಿಳಿಯಲು ಸುಲಭ ಉಪಾಯವಿದೆ. ಕತ್ತಲೆ ಕೋಣೆಯಲ್ಲಿ ಒಂದೇ ದೀಪದ ಕೆಳಗೆ, ನಾಣ್ಯದ ಅಂಚನ್ನು ಮಾತ್ರ ಹಿಡಿದು ನಿಧಾನವಾಗಿ ಓರೆಮಾಡಬೇಕು. ಬೆಳಕು ಚಕ್ರದ ಕಡ್ಡಿಗಳಂತೆ ಸುತ್ತಲೂ ತಿರುಗಿದರೆ ಮೂಲ ಕಾಂತಿ ಉಳಿದಿದೆ ಎಂದರ್ಥ. ಮಸುಕಾದ ಭಾಗದ ಮೇಲೂ ಆ ಕಾಂತಿ ಹಾದುಹೋದರೆ ಅದು ಅಚ್ಚಿನ ದೋಷ. ಅಲ್ಲಿ ಮಾತ್ರ ಬೂದುಬಣ್ಣಕ್ಕೆ ತಿರುಗಿ ನಿಂತರೆ ಸವೆತ. ಇಡೀ ನಾಣ್ಯ ಹೊಳೆಯುತ್ತಿದ್ದು ಬೆಳಕು ಮಾತ್ರ ಸುತ್ತದಿದ್ದರೆ, ಅದನ್ನು ಯಾರೋ ತಿಕ್ಕಿದ್ದಾರೆ. ಭೂತಗನ್ನಡಿಯಲ್ಲಿ ಒಂದೇ ದಿಕ್ಕಿಗೆ ಓಡುವ ಕೂದಲೆಳೆಯಂಥ ಗೀರುಗಳು ಇದನ್ನು ಖಚಿತಪಡಿಸುತ್ತವೆ. ಕಾಲಕ್ರಮದಲ್ಲಿ ತಾನಾಗಿ ಬಂದ ಕಪ್ಪು ಅಥವಾ ನೀಲಿ ಛಾಯೆ ದೋಷವೇ ಅಲ್ಲ, ಅದನ್ನು ಹಾಗೆಯೇ ಬಿಡಬೇಕು.

ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ ಮಹಿಳೆಯರ ಆಭರಣಗಳಲ್ಲಿದ್ದ ರೂಪಾಯಿಗಳೂ ಮಾರಾಟಕ್ಕೆ ಬರುವುದುಂಟು. ಇಂಥವುಗಳಲ್ಲಿ ಅಂಚಿಗೆ ಬೆಸುಗೆ ಅಥವಾ ತೂತು ಇರುತ್ತದೆ. ಕೊಂಡಿ ಕಿತ್ತು ಅರದಿಂದ ಉಜ್ಜಿದರೂ ಗುರುತು ಅಡಗುವುದಿಲ್ಲ. ಬಿಡಿ ನಾಣ್ಯವಾಗಿ ಅದಕ್ಕೆ ಬೆಳ್ಳಿಯ ಬೆಲೆ ಮಾತ್ರ. ಸರ ಇಡಿಯಾಗಿದ್ದರೆ ಆಭರಣವಾಗಿಯೇ ಅದಕ್ಕೆ ಹೆಚ್ಚಿನ ಗೌರವ.

ಅಮೆರಿಕದ ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳು ನಾಣ್ಯಗಳಿಗೆ 1ರಿಂದ 70ರವರೆಗೆ ಅಂಕ ನೀಡುತ್ತವೆ. 60 ಮತ್ತು ಮೇಲ್ಪಟ್ಟದ್ದು ಚಲಾವಣೆಯ ಸವೆತ ಕಾಣದ ನಾಣ್ಯ. ತಿಕ್ಕಿದ, ಬೆಸುಗೆ ಹಾಕಿದ ನಾಣ್ಯಕ್ಕೆ ಅಂಕ ಸಿಗದೆ, ಕೇವಲ ದೋಷದ ಷರಾ ಬರುತ್ತದೆ. ಶುಲ್ಕ ಮಾತ್ರ ಕಟ್ಟಲೇಬೇಕು. ನಮ್ಮ ಮನೆಗಳಲ್ಲಿರುವ ಬಹುಪಾಲು ರೂಪಾಯಿಗಳು ಕೈಯಿಂದ ಕೈಗೆ ಸಾಗಿ ಸವೆದ ಸಾಮಾನ್ಯ ವರ್ಷದವು. ಅವುಗಳಿಗೆ ಈ ಖರ್ಚು ವ್ಯರ್ಥ ಎಂದೇ ಹೇಳಬೇಕು. ಕಾಂತಿ ಉಳಿದಿರುವ ಅಥವಾ ವಿರಳ ಬಗೆಯ ನಾಣ್ಯವಿದ್ದರೆ ಮಾತ್ರ ಯೋಚಿಸಬಹುದು.

ಕಾನೂನಿನ ತೊಡಕೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ತುಂಬಿದ ನಾಣ್ಯ ಪ್ರಾಚ್ಯವಸ್ತುವಾಗಿದ್ದು, ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ದೊರೆತ ನಾಣ್ಯಗಳಿದ್ದರೆ ನಿಧಿ ಕಾನೂನಿನಂತೆ ಜಿಲ್ಲಾಡಳಿತಕ್ಕೆ ತಿಳಿಸುವುದು ಕಡ್ಡಾಯ.

ಉಳಿದಂತೆ, ಅಗ್ಗದ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ನಾಣ್ಯ ಇಡಬಾರದು. ಅದರಿಂದ ಬೆಳ್ಳಿಯ ಮೇಲೆ ಹಸಿರು ಜಿಗುಟು ಕೂರುತ್ತದೆ. ಈ ವರ್ಷದ ಪೂಜೆಗೆ ತಿಕ್ಕಿದ ಹಳೆಯ ರೂಪಾಯಿಯನ್ನೇ ಮತ್ತೆ ಬಳಸಿ, ತಿಕ್ಕದೇ ಉಳಿದವನ್ನು ಒಣ ಕಾಗದದ ಲಕೋಟೆಯಲ್ಲಿ ಬಿಡಿಬಿಡಿಯಾಗಿ ಇಡಬಹುದು.