ಎಂಬತ್ತು ಲೀಟರ್ ಕಡಲು, ಅದಕ್ಕೊಂದು ಮರದ ಸ್ಟ್ಯಾಂಡ್

ಉಪ್ಪುನೀರಿನ ಅಕ್ವೇರಿಯಂ ಚಿಕ್ಕದಾದಷ್ಟೂ ಸಾಕುವವರ ಕೆಲಸ ಹೆಚ್ಚು. ನೀರು ಕಡಿಮೆಯಿದ್ದಷ್ಟೂ ಅದರ ಉಷ್ಣತೆ, ಉಪ್ಪಿನಂಶ, ಅಮೋನಿಯಾ ಎಲ್ಲವೂ ಬೇಗ ಏರಿಳಿಯುತ್ತವೆ. ಐನೂರು ಲೀಟರ್ ತೊಟ್ಟಿಯಲ್ಲಿ ಕಲ್ಲಿನ ಸಂದಿಯಲ್ಲೊಂದು ಮೀನು ಸತ್ತು ಕೊಳೆತರೆ ಗೊತ್ತೇ ಆಗದಿರಬಹುದು. ಇಪ್ಪತ್ತು ಲೀಟರಿನಲ್ಲಿ ಅದೇ ಮೀನು ಬೆಳಗಾಗುವುದರೊಳಗೆ ಉಳಿದವನ್ನೂ ಕೊಂದಿರಬಹುದು. ಅಂಗಡಿಗಳಲ್ಲಿ ‘ನ್ಯಾನೋ’ ಎಂಬ ಹೆಸರಿನಲ್ಲಿ ಮಾರುವ ಪುಟಾಣಿ ಪೆಟ್ಟಿಗೆಗಳು ಪಳಗಿದವರಿಗೆ ಸರಿ, ಹೊಸಬರಿಗಲ್ಲ. ಮೊದಲ ಸಲ ಕೈಹಾಕುವವರಿಗೆ 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ತೊಟ್ಟಿ ತಕ್ಕ ಅಳತೆ. ಮೇಲೆ ಎರಡು ಬೆರಳು ಬಿಟ್ಟು ತುಂಬಿದರೆ ಇದು 80 ಲೀಟರ್ ಹಿಡಿಯುತ್ತದೆ.

ನೀರಿಗಿಂತ ಮೊದಲು ಲೆಕ್ಕ ಹಾಕಬೇಕಾದದ್ದು ಭಾರವನ್ನು. ಕಲ್ಲು, ಮರಳು ಸೇರಿದ ಮೇಲೆ ನೀರಿಗೆ ಉಳಿಯುವುದು 70 ಲೀಟರ್‌ನಷ್ಟು ಜಾಗ. ಕಡಲ ನೀರು ಲೀಟರಿಗೆ 1.025 ಕೆ.ಜಿ. ತೂಗುವುದರಿಂದ ನೀರೇ 72 ಕೆ.ಜಿ. ಆಯಿತು. 8 ಮಿ.ಮೀ. ಗಾಜಿನ ತೊಟ್ಟಿ 20 ಕೆ.ಜಿ., ಕಲ್ಲು ಮತ್ತು ಮರಳು ಇನ್ನೊಂದು 20. ಪಂಪು, ದೀಪ ಸೇರಿಸಿದರೆ ಒಟ್ಟು 115 ಕೆ.ಜಿ. ಆಸುಪಾಸು. ಕಾಂಕ್ರೀಟ್ ನೆಲಕ್ಕೆ ಇದೇನೂ ಹೊರೆಯಲ್ಲ. ಹಳೆಯ ಹೆಂಚಿನ ಮನೆಗಳ ಮರದ ಮಹಡಿಯಾದರೆ ಮಾತ್ರ ತೊಲೆಗಳನ್ನು ಬಡಗಿಗೆ ತೋರಿಸಿಕೊಳ್ಳುವುದು ಒಳ್ಳೆಯದು. ಚಿಂತೆ ಇರುವುದು ನೆಲದ್ದಲ್ಲ, ನೆಲಕ್ಕೂ ತೊಟ್ಟಿಗೂ ನಡುವೆ ನಿಲ್ಲುವ ಸ್ಟ್ಯಾಂಡಿನದು. ಈ ಭಾರ ವರ್ಷಗಟ್ಟಲೆ ಒಂದು ಗಳಿಗೆಯೂ ಇಳಿಯದೆ ಕೂತಿರುತ್ತದೆ. ಮನೆಯಲ್ಲಿರುವ ಟಿವಿ ಸ್ಟ್ಯಾಂಡು, ಪುಸ್ತಕದ ಕಪಾಟುಗಳು ಇಂಥ ಹೊರೆಗೆ ಮಾಡಿದವಲ್ಲ. ಅವುಗಳ ಮೇಲ್ಹಲಗೆ ನಡುವೆ ನಿಧಾನವಾಗಿ ಬಾಗುತ್ತದೆ. ಪಾರ್ಟಿಕಲ್ ಬೋರ್ಡ್ ಆಗಿದ್ದರೆ ಚೆಲ್ಲಿದ ನೀರು ಕುಡಿದು ಉಬ್ಬುತ್ತದೆ. ಗಾಜು ಬಾಗುವುದಿಲ್ಲ, ಸೀಳುತ್ತದೆ. ತೊಟ್ಟಿ ತುಂಬಿದ ಮೇಲೆ ಸ್ಟ್ಯಾಂಡನ್ನು ರಿಪೇರಿ ಮಾಡುವ ದಾರಿಯೂ ಇಲ್ಲ. ಹಾಗಾಗಿ ಈ ಹವ್ಯಾಸದಲ್ಲಿ ಮೊದಲ ಹಣ ಹೋಗಬೇಕಾದದ್ದು ಮರಕ್ಕೆ, ಮೀನಿಗಲ್ಲ.

ಮನೆಯಲ್ಲೇ ಮಾಡುವ ಸ್ಟ್ಯಾಂಡಿನ ಗುಟ್ಟು ಒಂದೇ: ಭಾರ ಮರದಿಂದ ಮರಕ್ಕೆ ಇಳಿದು ನೆಲ ಮುಟ್ಟಬೇಕು, ದಾರಿಯಲ್ಲಿ ಎಲ್ಲೂ ಸ್ಕ್ರೂಗಳ ಮೇಲೆ ನಿಲ್ಲಬಾರದು. ಕಾಲುಗಳ ಪಕ್ಕಕ್ಕೆ ಪಟ್ಟಿ ಇಟ್ಟು ಸ್ಕ್ರೂ ಹೊಡೆದರೆ ಇಡೀ ತೊಟ್ಟಿ ಆ ನಾಲ್ಕಾರು ಸ್ಕ್ರೂಗಳಿಗೆ ಜೋತುಬಿದ್ದಂತಾಗುತ್ತದೆ. ಅದೇ ಚೌಕಟ್ಟನ್ನು ಕಾಲುಗಳ ತಲೆಯ ಮೇಲೆ ಕೂರಿಸಿದರೆ ಸ್ಕ್ರೂಗಳಿಗೆ ಉಳಿಯುವುದು ಜೋಡಣೆ ಕದಲದಂತೆ ಹಿಡಿಯುವ ಕೆಲಸ ಮಾತ್ರ. ಎಳೆಯ ನೇರಕ್ಕೆ ಬೀಳುವ ಒತ್ತಡವನ್ನು ಮರ ಸಲೀಸಾಗಿ ತಡೆದುಕೊಳ್ಳುತ್ತದೆ.

ಇದಕ್ಕೆ ಬೇಕಾಗುವುದು 2 ಇಂಚು ದಪ್ಪ, 3 ಇಂಚು ಅಗಲದ ಮರ. ಇಂಚನ್ನು 2.5 ಸೆಂ.ಮೀ. ಎಂದು ಹಿಡಿದರೆ ಲೆಕ್ಕ ಸರಳ. ಮೇಲಿನ ಚೌಕಟ್ಟಿಗೆ 60 ಸೆಂ.ಮೀ.ನ ಎರಡು ತುಂಡು, ಅವುಗಳ ನಡುವೆ ಕೂರುವ 30 ಸೆಂ.ಮೀ.ನ ಎರಡು ತುಂಡು. ಎಲ್ಲವನ್ನೂ 3 ಇಂಚಿನ ಮುಖ ನಿಲುವಾಗಿರುವಂತೆ ಜೋಡಿಸಬೇಕು. ಕೆಳಗಿನ ಚೌಕಟ್ಟೂ ಹಾಗೆಯೇ. ಸ್ಟ್ಯಾಂಡಿನ ಒಟ್ಟು ಎತ್ತರ 75 ಸೆಂ.ಮೀ. ಇರಬೇಕಾದರೆ ಎರಡು ಚೌಕಟ್ಟುಗಳ 15 ಸೆಂ.ಮೀ., ಮೇಲ್ಹಲಗೆಯ 1.8 ಸೆಂ.ಮೀ. ಕಳೆದು, ನಾಲ್ಕು ಕಾಲುಗಳೂ 58.2 ಸೆಂ.ಮೀ. ಕಾಲಿನ 3 ಇಂಚಿನ ಮುಖವನ್ನು ಹಿಂದು ಮುಂದಾಗಿ ತಿರುಗಿಸಿಟ್ಟರೆ ಅದು ಉದ್ದ ತುಂಡಿಗೂ ಗಿಡ್ಡ ತುಂಡಿಗೂ ಒಟ್ಟಿಗೇ ಆಸರೆಯಾಗುತ್ತದೆ. ಎಲ್ಲ ಸೇರಿ 20 ಅಡಿ ಮರ. ಕೊಯ್ಯುವಾಗ ಹೋಗುವುದಕ್ಕೆ ಇನ್ನೆರಡು ಅಡಿ. ತೇಗವೇ ಆಗಬೇಕೆಂದಿಲ್ಲ. ಮತ್ತಿ, ಹೊನ್ನೆ, ಬೇವು ಯಾವುದಾದರೂ ಆದೀತು, ಚೆನ್ನಾಗಿ ಒಣಗಿರಬೇಕು ಅಷ್ಟೇ. ಹಸಿ ಮರ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಆರು ತಿಂಗಳಲ್ಲಿ ತಿರುಚಿಕೊಂಡು ತೊಟ್ಟಿಯ ಒಂದು ಮೂಲೆಯನ್ನು ಎತ್ತಿಬಿಡುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಸ್ಟ್ಯಾಂಡು ಭಾರ ಹೊರುತ್ತದೆ, ಆದರೆ ಪಕ್ಕಕ್ಕೆ ತಳ್ಳಿದರೆ ಬೆಂಕಿಪೊಟ್ಟಣದ ಹೊರಕವಚದಂತೆ ಓರೆಯಾಗುತ್ತದೆ. ಹಿಂಬದಿಗೆ ಮತ್ತು ಎರಡೂ ಪಕ್ಕಗಳಿಗೆ 12 ಮಿ.ಮೀ. ಪ್ಲೈವುಡ್ ಬಡಿದರೆ ಈ ಓಲಾಟ ನಿಲ್ಲುತ್ತದೆ. ಪ್ಲೈವುಡ್ಡನ್ನು ಅಂಟು ಹಚ್ಚಿ, ಮೇಲಿನ ಚೌಕಟ್ಟು, ಕಾಲು, ಕೆಳಗಿನ ಚೌಕಟ್ಟು ಮೂರಕ್ಕೂ ಸ್ಕ್ರೂ ಹಾಕಿ ಬಿಗಿಯಬೇಕು. ಬಿಗಿಯುವ ಮುನ್ನ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದು ನೋಡಬೇಕು. ಎರಡೂ ಒಂದೇ ಇದ್ದರೆ ಚೌಕಟ್ಟು ನೇರವಾಗಿದೆ ಎಂದರ್ಥ. ಮೇಲ್ಹಲಗೆ 18 ಮಿ.ಮೀ. ಪ್ಲೈವುಡ್. ‘ಐಎಸ್ 710’ ಎಂಬ ಮುದ್ರೆಯಿರುವ ಮರೈನ್ ಪ್ಲೈ ದುಬಾರಿಯಾದರೂ ಇಲ್ಲಿ ಕಂಜೂಸಿತನ ಬೇಡ.

ಉಪ್ಪುನೀರಿಗೆ ಇನ್ನೊಂದು ಗುಣವಿದೆ. ಗುಳ್ಳೆಗಳು ಒಡೆದಾಗ ಸಿಡಿಯುವ ಹನಿಗಳು ಒಣಗಿ ತೊಟ್ಟಿಯ ಅಂಚಿನಲ್ಲಿ ಬಿಳಿಯ ಹರಳುಗಳಾಗುತ್ತವೆ. ಆ ಹರಳುಗಳು ತೇವ ಹೀರಿ, ಮತ್ತೆ ಒಣಗಿ, ವೈರು, ಕೊಳವೆಗಳನ್ನು ಹಿಡಿದು ಮೆಲ್ಲಗೆ ಮುಂದಕ್ಕೆ ತೆವಳುತ್ತಾ ಹೋಗುತ್ತವೆ. ಸ್ಟ್ಯಾಂಡಿನ ಒಳಗಿನ ಕಬ್ಬಿಣವನ್ನು ತಿನ್ನುವುದು ಇದೇ. ಸ್ಕ್ರೂ, ಕೀಲುಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವಾಗಿರಬೇಕು, ಮರಕ್ಕೆ ಒಳಗೂ ಹೊರಗೂ ಪಿಯು ಅಥವಾ ಎಪಾಕ್ಸಿ ಬಣ್ಣ ಬೀಳಬೇಕು. ಪ್ಲೈವುಡ್ಡಿನ ಕೊಯ್ದ ಅಂಚುಗಳಿಗೆ ಇನ್ನೂ ಒಂದು ಕೈ ಹೆಚ್ಚು. ಚೌಕ ಪೈಪು ವೆಲ್ಡ್ ಮಾಡಿಸಿದ ಕಬ್ಬಿಣದ ಸ್ಟ್ಯಾಂಡು ಅಗ್ಗ, ಗಟ್ಟಿ ಹೌದು. ಸಿಹಿನೀರಿನ ತೊಟ್ಟಿಗೆ ಅದೇ ಸಾಕು. ಉಪ್ಪುನೀರಿನಡಿಯಲ್ಲಿ ಅದರ ಬಣ್ಣ ಎಲ್ಲಿ ಕಿತ್ತರೂ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಸ್ಟ್ಯಾಂಡನ್ನು ಜಾಗದಲ್ಲಿಟ್ಟ ಮೇಲೆ ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ನೋಡಬೇಕು. ತೊಳೆದ ನೀರು ಹರಿದುಹೋಗಲೆಂದು ನೆಲಕ್ಕೆ ಇಳಿಜಾರು ಕೊಟ್ಟಿರುವ ಮನೆಗಳು ಬಹಳ. ಸಮ ಮಾಡಲು ತೆಳುವಾದ ತುಂಡುಗಳನ್ನು ಇಡುವುದಾದರೆ ಸ್ಟ್ಯಾಂಡಿನ ಬುಡಕ್ಕೆ ಇಡಬೇಕು, ತೊಟ್ಟಿಯ ಅಡಿಗೆ ಎಂದೂ ಅಲ್ಲ. ತೊಟ್ಟಿಯ ಅಡಿಗೆ ಹಾಸಬೇಕಾದದ್ದು ಅರ್ಧ ಇಂಚಿನ ಥರ್ಮೋಕೋಲ್. ಹಲಗೆಯ ಸಣ್ಣಪುಟ್ಟ ಉಬ್ಬುತಗ್ಗುಗಳನ್ನು ಅದು ನುಂಗಿಕೊಳ್ಳುತ್ತದೆ. ಆಮೇಲೆ ಬರೀ ನಲ್ಲಿ ನೀರು ತುಂಬಿ ಎರಡು ದಿನ ಬಿಟ್ಟು, ಅಂಚುಗಳ ಸುತ್ತ ಒಣ ಕಾಗದ ಆಡಿಸಿ ನೋಡಿದರೆ ಸೋರಿಕೆಯಿದ್ದರೆ ತಿಳಿಯುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಎರಡೇ ಮಾತು. ಪ್ಲಗ್ ಬೋರ್ಡು ತೊಟ್ಟಿಯ ಕೆಳಗಲ್ಲ, ಪಕ್ಕದ ಗೋಡೆಯಲ್ಲಿರಬೇಕು, ಮತ್ತು ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಬೇಕು. ವೈರಿನ ಮೇಲೆ ಹರಿದು ಬಂದ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸೋರುವ ವಿದ್ಯುತ್ತನ್ನು ಕಡಿದುಹಾಕುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚು ಇಲ್ಲದ ಮನೆಯಲ್ಲಿ ಉಪ್ಪುನೀರಿಗೆ ಕೈ ಹಾಕುವುದು ಜೀವದ ಜೊತೆ ಆಟ.

ಇನ್ನು ನೀರು. ಕಡಲ ನೀರೆಂದರೆ ಅಡುಗೆ ಉಪ್ಪು ಕಲಸಿದ ನೀರಲ್ಲ. ಒಂದು ಕಿಲೋ ಕಡಲ ನೀರಿನಲ್ಲಿರುವ 35 ಗ್ರಾಂ ಲವಣಗಳಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಶೇ. 85ರಷ್ಟು, ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು. ಲೀಟರಿಗೆ 1,300 ಮಿ.ಗ್ರಾಂ.ನಷ್ಟು ಮೆಗ್ನೀಸಿಯಂ, 400 ಮಿ.ಗ್ರಾಂ.ಗೂ ತುಸು ಹೆಚ್ಚು ಕ್ಯಾಲ್ಸಿಯಂ ಇದ್ದರಷ್ಟೇ ಚಿಪ್ಪಿನ ಜೀವಿಗಳಿಗೆ ಬದುಕು. ಇಂಗ್ಲೆಂಡಿನ ಪ್ರಕೃತಿವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್ 1854ರಲ್ಲೇ ಅಡುಗೆ ಉಪ್ಪಿಗೆ ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೃತಕ ಕಡಲ ನೀರು ಮಾಡುವ ವಿಧಾನವನ್ನು ಪ್ರಕಟಿಸಿದ್ದ. ಈಗ ಪೊಟ್ಟಣಗಳಲ್ಲಿ ಸಿಗುವ ಅಕ್ವೇರಿಯಂ ಉಪ್ಪು ಅದೇ ಜಾಡಿನದು, ಇನ್ನಷ್ಟು ಪೂರ್ಣವಾದದ್ದು.

ಉಪ್ಪು ಕಲಸುವ ನೀರು ಶುದ್ಧವಾಗಿರಬೇಕು, ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಅಥವಾ ಅದರ ಹತ್ತಿರ. ಬೆಂಗಳೂರಿನ ಬೋರ್‌ವೆಲ್ ನೀರಿನ ನೈಟ್ರೇಟ್ ಪಾಚಿಗೆ ಹಬ್ಬ. ಮನೆಯ ಆರ್‌ಒ ಯಂತ್ರ ರುಚಿಗೆಂದು ಖನಿಜಗಳನ್ನು ಮರಳಿ ಬೆರೆಸುತ್ತದೆ. ಅದಕ್ಕೂ ಮುಂಚಿನ ಕೊಳವೆಯಿಂದ ನೀರು ಹಿಡಿದು, ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರಾಳದ ಮೂಲಕ ಹಾಯಿಸಿಕೊಳ್ಳಬೇಕಾಗುತ್ತದೆ. ಮಂಗಳೂರು, ಕಾರವಾರದವರಿಗೆ ಕೊಡ ಹಿಡಿದು ಕಡಲಿಗೇ ಹೋಗುವ ಆಸೆ ಸಹಜ. ಮಳೆಗಾಲದಲ್ಲಿ ನೇತ್ರಾವತಿ, ಕಾಳಿಯಂಥ ನದಿಗಳ ನೀರು ಸೇರಿ ತೀರದ ಉಪ್ಪಿನಂಶ ಇಳಿದಿರುತ್ತದೆ. ಬಂದರು, ಅಳಿವೆಗಳ ಬಳಿಯ ನೀರಿನಲ್ಲಿ ಎಣ್ಣೆಯೂ ಕೊಳಚೆಯೂ ಇರುತ್ತವೆ. ಪೊಟ್ಟಣದ ಉಪ್ಪೇ ನೆಮ್ಮದಿ. ಲೀಟರಿಗೆ 36 ಗ್ರಾಂ ಆಸುಪಾಸು, ಅಂದರೆ ಮೊದಲ ಸಲಕ್ಕೆ ಎರಡೂವರೆ ಕೆ.ಜಿ.ಯಿಂದ ಮೂರು ಕೆ.ಜಿ. ಬಕೆಟ್ಟಿನಲ್ಲಿ ನೀರು ಮೊದಲು, ಉಪ್ಪು ಆಮೇಲೆ. ತಿರುಗುಮುರುಗಾದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಗಸಿಯಾಗಿ ತಳ ಹಿಡಿಯುತ್ತದೆ. ಒಂದು ರಾತ್ರಿ ಪಂಪಿನಿಂದ ಕದಡಿ, ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬಂದಮೇಲೆ ತೊಟ್ಟಿಗೆ ಸುರಿಯಬಹುದು.

ತೊಟ್ಟಿಯ ನಿಜವಾದ ಫಿಲ್ಟರ್ ಕಲ್ಲು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ. ಮೂರನೆಯದು ಮಿತಿಯಲ್ಲಿದ್ದರೆ ಮೀನಿಗೆ ತೊಂದರೆಯಿಲ್ಲ. ಈ ಬ್ಯಾಕ್ಟೀರಿಯಾಗಳು ಮನೆ ಮಾಡುವುದು ರಂಧ್ರಗಳುಳ್ಳ ಕಲ್ಲಿನ ಒಳಹೊರಗೆ. ಜಕಾರ್ತಾದ ಲೀ ಚಿನ್ ಎಂಗ್ ಕಡಲಿನ ಜೀವಂತ ಕಲ್ಲು ಮತ್ತು ಗಾಳಿಯ ಗುಳ್ಳೆ, ಇವೆರಡರಿಂದಲೇ ತೊಟ್ಟಿ ನಡೆಸುವ ಕ್ರಮವನ್ನು 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದ. ಇಂದಿಗೂ ಚಿಕ್ಕ ತೊಟ್ಟಿಗಳ ಬೆನ್ನೆಲುಬು ಆ ಕ್ರಮವೇ.

ಭಾರತದಲ್ಲಿ ಮಾತ್ರ ಆ ಕಲ್ಲನ್ನು ಕಡಲಿನಿಂದ ಎತ್ತಿ ತರುವಂತಿಲ್ಲ. ಗಟ್ಟಿ ಹವಳಗಳು, ಸೀ ಫ್ಯಾನ್‌ಗಳು, ಕಡಲ್ಗುದುರೆಗಳು, ಕಡಲ ಸೌತೆಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ, ಅಂದರೆ ಹುಲಿ, ಆನೆಗಳಿರುವ ಪಟ್ಟಿಗೆ ಸೇರಿದವು. ಮುರುಡೇಶ್ವರದಾಚೆಯ ನೇತ್ರಾಣಿಯಲ್ಲೋ ಲಕ್ಷದ್ವೀಪದಲ್ಲೋ ಹೆಕ್ಕಿದ ಸತ್ತ ಹವಳದ ತುಂಡಿಗೂ ಇದೇ ಕಾನೂನು. ಅಂಗಡಿಯವರು ಗುಟ್ಟಾಗಿ ಕೊಡುವ ‘ಅಸಲಿ ಲೈವ್ ರಾಕ್’ ಅನ್ನು ಮುಟ್ಟದಿರುವುದೇ ಕ್ಷೇಮ. ಸೆರಾಮಿಕ್ ಅಥವಾ ಕೃತಕ ಒಣ ಕಲ್ಲು 8–10 ಕೆ.ಜಿ. ಸಾಕು; ಬ್ಯಾಕ್ಟೀರಿಯಾ ಅದರಲ್ಲಿಯೂ ನೆಲೆಯೂರುತ್ತದೆ, ತುಸು ನಿಧಾನವಾಗಿ. ಕಲ್ಲನ್ನು ಗಾಜಿನ ಮೇಲೆ ಮೊದಲು ಭದ್ರವಾಗಿ ಕೂರಿಸಿ ಆಮೇಲೆ ಸುತ್ತ ಅರಾಗೊನೈಟ್ ಮರಳು ಸುರಿಯಬೇಕು. ಮರಳಿನ ಮೇಲೆ ಇಟ್ಟ ಕಲ್ಲನ್ನು ಬಿಲ ತೋಡುವ ಮೀನು ಉರುಳಿಸಿದರೆ ಗಾಜಿಗೇ ಪೆಟ್ಟು.

ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ಮೀನಿಲ್ಲ. ಒಂದು ಸಿಗಡಿ ತುಂಡು ಹಾಕಿ ಕೊಳೆಯಲು ಬಿಟ್ಟರೆ ಅಮೋನಿಯಾ ಏರುತ್ತದೆ, ಇಳಿಯುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಅದೂ ಇಳಿಯುತ್ತದೆ. ಟೆಸ್ಟ್ ಕಿಟ್ಟಿನಲ್ಲಿ ಎರಡೂ ಸೊನ್ನೆ ತೋರಿಸಿ, ನೈಟ್ರೇಟ್ ಕಾಣಿಸಿಕೊಂಡಾಗ ತೊಟ್ಟಿ ತಯಾರು. ಈ ನಡುವೆ ಗಾಜಿಗೂ ಮರಳಿಗೂ ಕಂದು ಪುಡಿ ಹಚ್ಚಿದಂತಾಗುತ್ತದೆ. ಅದು ಡಯಾಟಮ್ ಪಾಚಿ, ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಹೊಸಬರು ಗಾಬರಿಯಾಗಿ ತೊಟ್ಟಿಯನ್ನೆಲ್ಲ ತೊಳೆದು ಮೊದಲಿನಿಂದ ಶುರು ಮಾಡುವುದೂ ಇಲ್ಲೇ.

ಮೀನುಗಳಲ್ಲಿ ಈ ಅಳತೆಗೆ ಒಂದು ಜೋಡಿ ಕ್ಲೌನ್ ಮೀನು ಸಾಕು, ಜೊತೆಗೆ ಪಾಚಿ ಮೇಯುವ ನಾಲ್ಕಾರು ಬಸವನಹುಳು. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ತಂತ್ರವನ್ನು ಬೆಳೆಸಿದೆ. ಹಾಗೆ ತೊಟ್ಟಿಯಲ್ಲಿ ಹುಟ್ಟಿದ ಮರಿಗಳು ಕಡಲಿನಿಂದ ಹಿಡಿದವುಗಳಿಗಿಂತ ಗಟ್ಟಿ. ಅವುಗಳಿಗೆ ಅನಿಮೋನ್ ಬೇಕೇಬೇಕೆಂಬುದು ಸಿನಿಮಾದಿಂದ ಬಂದ ನಂಬಿಕೆ, ಇಲ್ಲದೆಯೂ ಸುಖವಾಗಿರುತ್ತವೆ. ಬಿಳಿ ಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧ ಬಸವನಹುಳುಗಳಿಗೆ ವಿಷವಾದ್ದರಿಂದ ಚಿಕಿತ್ಸೆ ಬೇರೆ ತೊಟ್ಟಿಯಲ್ಲೇ ಆಗಬೇಕು.

ಆಮೇಲಿನ ದಿನಚರಿ ಹೆಚ್ಚೇನಲ್ಲ, ಆದರೆ ತಪ್ಪಿಸುವಂತಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. 70 ಲೀಟರಿನಲ್ಲಿ ಮೂರೂವರೆ ಲೀಟರ್ ಹೋದರೆ ಉಪ್ಪಿನಂಶ 35ರಿಂದ ಸುಮಾರು 37ಕ್ಕೆ ಏರಿರುತ್ತದೆ. ಆದ್ದರಿಂದ ದಿನವೂ ಗುರುತಿನವರೆಗೆ ತುಂಬಬೇಕಾದದ್ದು ಸಿಹಿನೀರನ್ನು, ಉಪ್ಪುನೀರನ್ನಲ್ಲ. ವಾರಕ್ಕೊಮ್ಮೆ 7–8 ಲೀಟರ್ ಹಳೆ ನೀರು ತೆಗೆದು ಅಷ್ಟೇ ಹೊಸ ಉಪ್ಪುನೀರು ಹಾಕಿದರೆ ನೈಟ್ರೇಟ್ ಹತೋಟಿಯಲ್ಲಿರುತ್ತದೆ. ಇಷ್ಟು ಮಾಡುವವರಿಗೆ ಎರಡು ಮೀನಿನ ತೊಟ್ಟಿಯಲ್ಲಿ ಹೊಲಸನ್ನು ನೊರೆಯಾಗಿ ತೆಗೆಯುವ ದುಬಾರಿ ಸ್ಕಿಮ್ಮರ್ ಇಲ್ಲದೆಯೂ ನಡೆಯುತ್ತದೆ. ನೀರು 25–27 ಡಿಗ್ರಿಯಲ್ಲಿರಬೇಕು. ಬೆಂಗಳೂರಿನ ಚಳಿಗಾಲಕ್ಕೆ 100 ವಾಟಿನ ಹೀಟರ್ ಬೇಕು. ಕರಾವಳಿಯ ಏಪ್ರಿಲ್, ಮೇ ತಿಂಗಳಲ್ಲಿ ನೀರಿನ ಮೇಲೆ ಬೀಸುವ ಪುಟ್ಟ ಫ್ಯಾನ್ ಎರಡು ಡಿಗ್ರಿ ಇಳಿಸೀತು, ಆದರೆ ಸೆಕೆಯ ಜೊತೆ ಗಾಳಿಯಲ್ಲಿ ತೇವವೂ ಹೆಚ್ಚಿರುವುದರಿಂದ ಅದರ ಆಟ ಅಲ್ಲಿ ಹೆಚ್ಚು ನಡೆಯುವುದಿಲ್ಲ.

ಕರೆಂಟ್ ಹೋದಾಗ ಮೊದಲು ಕಾಡುವುದು ಬಿಸಿಯೂ ಅಲ್ಲ, ಬೆಳಕೂ ಅಲ್ಲ, ಆಮ್ಲಜನಕ. ಅದೇ ಉಷ್ಣತೆಯ ಸಿಹಿನೀರಿಗಿಂತ ಉಪ್ಪುನೀರು ಸುಮಾರು ಐದರಲ್ಲೊಂದು ಪಾಲು ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ. ನೀರನ್ನು ಕದಡುವ ಪಂಪು ನಿಂತರೆ ಅದೂ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಮನೆಯ ಇನ್ವರ್ಟರಿಗೆ ದೀಪ, ಹೀಟರ್ ಏನನ್ನೂ ಹೊರಿಸದೆ ಐದು-ಹತ್ತು ವಾಟಿನ ಆ ಪಂಪೊಂದನ್ನು ಜೋಡಿಸಿದರೆ ಸಾಕು. ಇನ್ವರ್ಟರ್ ಇಲ್ಲದ ಮನೆಯಲ್ಲಿ ಬ್ಯಾಟರಿಯ ಏರ್ ಪಂಪೊಂದು ಸ್ಟ್ಯಾಂಡಿನ ಒಳಗೆ ಸಿದ್ಧವಾಗಿರಬೇಕು.