ಬೀಡಿಯ ಸಾವಿರವೂ ಅಕ್ಷರದ ಲೆಕ್ಕವೂ

ಬೆಳಗಾವಿ ಜಿಲ್ಲೆಯಲ್ಲಿ ಏಳು ವರ್ಷ ತುಂಬಿದ ಗಂಡಸರಲ್ಲಿ ನೂರಕ್ಕೆ ಸುಮಾರು 82 ಮಂದಿಯೂ ಹೆಂಗಸರಲ್ಲಿ ಸುಮಾರು 65 ಮಂದಿಯೂ ಓದುಬರಹ ಬಲ್ಲವರೆಂದು 2011ರ ಜನಗಣತಿ ತಿಳಿಸಿತು. ಈ ಅಂತರವನ್ನು ಕಂಡು ನಮ್ಮ ಸುಶಿಕ್ಷಿತ ಮಹಾಶಯರು, ಬಡ ಹೆಂಗಸರಿಗೆ ಕಲಿಯುವ ಆಸೆಯೇ ಇಲ್ಲವೆಂದು ತೀರ್ಪು ಕೊಟ್ಟುಬಿಡುವುದುಂಟು. ಈ ತೀರ್ಪನ್ನು ನಾವು ಒಪ್ಪಲಾರೆವು.

ನಿಪ್ಪಾಣಿಯನ್ನೇ ನೋಡಿರಿ. ತಂಬಾಕಿನ ಈ ಪೇಟೆಯಲ್ಲಿ ಬೀಡಿ ಕಟ್ಟುವವರು ಬಹುಪಾಲು ಸ್ತ್ರೀಯರು. ಅವರ ಕೂಲಿ ದಿನಕ್ಕಲ್ಲ, ಗಂಟೆಗಲ್ಲ. ಸಾವಿರ ಬೀಡಿಗೆ ಇಷ್ಟೆಂದು. ಆದುದರಿಂದ ಪಾಟಿಯ ಮುಂದೆ ಕಳೆದ ಒಂದು ಗಂಟೆಯೆಂದರೆ ಅಷ್ಟು ಬೀಡಿಗಳ ಕೂಲಿಗೆ ಎರವಾದಂತೆಯೇ. ತಾಯಿಯ ಹೊತ್ತು ಉಳಿಸಲು ಮಗಳು ಎಲೆ ಕತ್ತರಿಸುತ್ತ ಕುಳಿತರೆ ಮುಂದಿನ ತಲೆಮಾರಿನ ನಿರಕ್ಷರತೆಯೂ ಅದೇ ಮೊರದಲ್ಲಿ ಸಿದ್ಧವಾಗುತ್ತದೆ. ಆದರೆ ಅಕ್ಷರದ ಅಗತ್ಯವು ಇವಳಿಗಿಂತ ಹೆಚ್ಚಾಗಿ ಯಾರಿಗಿದೆ? ಪಡೆದ ಎಲೆಯ ತೂಕ, ಒಪ್ಪಿಸಿದ ಬೀಡಿಯ ಎಣಿಕೆ, ಕೆಟ್ಟದ್ದೆಂದು ತಳ್ಳಿಹಾಕಿದ ಕಟ್ಟುಗಳು, ಎಲ್ಲವೂ ಬೇರೊಬ್ಬರ ಕೈಬರಹದಲ್ಲಿರುತ್ತವೆ. 1966ರ ಬೀಡಿ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದು ಎಣಿಸಿತು, ನಿಜ. ತನ್ನ ಲೆಕ್ಕವನ್ನೇ ಓದಲಾರದವಳು ಅದನ್ನು ಯಾರ ಮುಂದೆ ಹಿಡಿಯಬೇಕು?

ಅಥಣಿ, ಕಾಗವಾಡ, ರಾಯಬಾಗಗಳ ಕೃಷ್ಣಾತೀರದಲ್ಲಿ ಬೀಡಿಯ ಸ್ಥಾನದಲ್ಲಿ ಕಬ್ಬು ನಿಂತಿದೆ. ನುರಿಸುವ ಹಂಗಾಮು ತೊಡಗಿತೆಂದರೆ ಕೂಲಿಕಾರರಿಗೆ ರಾತ್ರಿಶಾಲೆಯ ನೆನಪೂ ಬಾರದು. ರಾಯಬಾಗಕ್ಕೆ ಕಡ್ಡಾಯ ಶಿಕ್ಷಣವು ಹೊಸ ಮಾತಲ್ಲ. ಅದು ಕೊಲ್ಲಾಪುರ ಸಂಸ್ಥಾನದಲ್ಲಿದ್ದಾಗ, 1917ರಲ್ಲಿಯೇ, ಶಾಹೂ ಮಹಾರಾಜರು ಅದನ್ನು ಸಾರಿದ್ದರು. ಆದರೆ ಅಂಥ ಕಾಯಿದೆಯು ಮಕ್ಕಳನ್ನು ಕರೆಯಬಲ್ಲದಲ್ಲದೆ ಹೊಟ್ಟೆಪಾಡಿಗೆ ಹೊರಟ ಪ್ರಾಯಸ್ಥರನ್ನಲ್ಲ.

ಭಾಷೆಯ ಮಾತೂ ಒಂದುಂಟು. ಚಿಕ್ಕೋಡಿ, ನಿಪ್ಪಾಣಿಗಳ ಎಷ್ಟೋ ಮನೆಗಳ ಮಾತು ಮರಾಠಿ. ಮೊದಲ ಅಕ್ಷರವು ಮನೆಯ ಮಾತಿನಲ್ಲಿಯೇ ಮೂಡಲಿ, ಕಚೇರಿಯ ಕನ್ನಡ ಅದರ ಬೆನ್ನಿಗೇ ಬರಲಿ. ಕನ್ನಡದ ಅಭಿಮಾನಿಗಳಾದ ನಾವೇ ಇದನ್ನು ಹೇಳುತ್ತಿದ್ದೇವೆ.

ಬ್ರೆಜಿಲ್ ದೇಶದ ಪಾವ್ಲೊ ಫ್ರೇರೆಯವರು 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಶ್ರಮಜೀವಿಗಳಿಗೆ 40 ಗಂಟೆಗಳ ಪಾಠದಿಂದ ಓದು ಕಲಿಸಹೊರಟಾಗ ಅವರ ದಿನನಿತ್ಯದ ಶಬ್ದಗಳಿಂದಲೇ ತೊಡಗಿದರು. ನಮ್ಮಲ್ಲಿ ಎಲೆ, ನೂಲು, ಕಟ್ಟು, ಕೂಲಿ ಎಂಬ ಶಬ್ದಗಳಿಗೆ ಬರವೇ?

ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ನವಭಾರತ ಸಾಕ್ಷರತಾ ಕಾರ್ಯಕ್ರಮವು ಕಲಿಸುವ ಕೆಲಸಕ್ಕೆ ಸ್ವಯಂಸೇವಕರನ್ನು ನಂಬಿದೆ. ಕಲಿಯುವವಳ ಗಂಟೆಗೆ ಬೆಲೆ ಕೊಡುವವರಾರು? ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಅಧಿಕಾರಿಗಳು ಬೀಡಿ ಒಪ್ಪಿಸುವ ಸ್ಥಳದಲ್ಲಿಯೇ ತರಗತಿ ನಡೆಯಿಸಿ, ಆ ಹೊತ್ತಿನ ಕೂಲಿಯನ್ನು ಯೋಜನೆಯ ಖರ್ಚಿನಲ್ಲಿ ಸೇರಿಸಲು ಸರಕಾರಕ್ಕೆ ಬರೆಯಲಿ. ಕಬ್ಬಿನ ಊರುಗಳಲ್ಲಿ ಪಾಠವು ಯುಗಾದಿ ಕಳೆದ ಮೇಲೆ ತೊಡಗಲಿ.