ಬಚ್ಚಲುಮನೆಯ ಬೆಂಕಿ

ಆಷಾಢದ ಮಳೆ ಒಮ್ಮೆ ಹಿಡಿಯಿತೆಂದರೆ ಬಾಳೆಹೊನ್ನೂರಿನ ಸುತ್ತಿನವರಿಗೆ ಮೈಮೇಲೆ ಬಿಸಿನೀರು ಬೀಳುವ ಗಳಿಗೆಯೇ ದಿನದ ದೊಡ್ಡ ಸುಖ. ಭದ್ರೆ ಕೆಂಪಗೆ ತುಂಬಿ ಹರಿಯುತ್ತಿರುತ್ತಾಳೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಆರುವುದಿಲ್ಲ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ನೀರನ್ನು ಕಾಯಿಸುವ ಯಂತ್ರದ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವನಿಗೂ ಗ್ಯಾಸ್ ಗೀಸರಿಗೂ ಏನು ನಂಟು ಎಂದು ತಾವು ಕೇಳಬಹುದು. ಕಳೆದ ಮಳೆಗಾಲದವರೆಗೆ ನನಗೂ ಅದು ತಿಳಿದಿರಲಿಲ್ಲ.

ನನ್ನ ಬಾಲ್ಯದ ಮನೆಯಲ್ಲಿ ಬಚ್ಚಲುಮನೆ ಹಿತ್ತಿಲ ಕಡೆಗೆ, ಮನೆಗೆ ತಾಗಿಯೂ ತಾಗದಂತೆ ಇತ್ತು. ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿದ ತಾಮ್ರದ ಹಂಡೆ. ಗುಡ್ಡದ ನೀರು ಅಡಕೆ ದಂಬೆಯಲ್ಲಿ ಹರಿದು ಬರುತ್ತಿತ್ತು. ಉರಿಗೆ ಅಡಕೆ ಸಿಪ್ಪೆ, ಒಣಗಿದ ಸೋಗೆ, ತೋಟದಲ್ಲಿ ಕಡಿದು ಹಾಕಿದ ಕಾಫಿಗಿಡದ ಕಟ್ಟಿಗೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಆ ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿ, ಕೊರಳಿಗೆ ಹಿಂಡಲ ಬಳ್ಳಿ ಸುತ್ತುತ್ತಿದ್ದರು. ಹೊಗೆ ಹೋಗಲು ಬೇರೆ ಏರ್ಪಾಡೇನೂ ಇರಲಿಲ್ಲ. ಗೋಡೆ ಮಾಡನ್ನು ಮುಟ್ಟುತ್ತಿರಲಿಲ್ಲ, ಮೇಲೆ ಹೆಂಚಿನ ಸಂದುಗಳಿದ್ದುವು, ಅಷ್ಟೆ. ಈ ಬಚ್ಚಲನ್ನು ಹಾಡಿ ಹೊಗಳುವುದು ನನ್ನ ಉದ್ದೇಶವಲ್ಲ. ಅಲ್ಲಿ ಕೂತು ನನ್ನ ತಾಯಿ ಕೆಮ್ಮಿದ ಕೆಮ್ಮು ಇನ್ನೂ ಕಿವಿಯಲ್ಲಿದೆ. ಆದರೆ ಒಂದು ಮಾತು: ಸೌದೆಯ ಹೊಗೆ ಕಣ್ಣುರಿಸಿ ಮನುಷ್ಯನನ್ನು ಹೊರಕ್ಕೆ ಓಡಿಸುತ್ತಿತ್ತು.

ನಿವೃತ್ತಿಗೆ ಮುಂಚೆ ನಾನು ಕಟ್ಟಿಸಿದ ತಾರಸಿ ಮನೆಯಲ್ಲಿ ಸ್ನಾನದ ಕೋಣೆ ಐದಡಿಗೆ ಆರಡಿ. ನಾಲ್ಕೂ ಗೋಡೆಗೆ ಹೊಳೆಯುವ ಬಿಲ್ಲೆ, ಒಂದು ಸಣ್ಣ ಗವಾಕ್ಷಿ. ವಿದ್ಯುತ್ತಿನ ಗೀಸರನ್ನು ನಂಬಿದರೆ ಮಳೆಗಾಲದಲ್ಲಿ ತಣ್ಣೀರೇ ಗತಿ. ಸೂರ್ಯನನ್ನು ನಂಬೋಣವೆಂದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಅವನ ಮುಖವೇ ಅಪರೂಪ. ಹೀಗಾಗಿ ಗ್ಯಾಸಿನ ಗೀಸರು ಬಂತು. ಬಾಗಿಲ ಪಕ್ಕದ ಗೋಡೆಗೆ, ಕೋಣೆಯ ಒಳಗೇ, ಅದನ್ನು ತೂಗುಹಾಕಿದರು. ಹನ್ನೆರಡು ವರ್ಷ ಅದು ತಕರಾರಿಲ್ಲದೆ ದುಡಿಯಿತು.

ಕಳೆದ ಜುಲೈಯಲ್ಲಿ ಅದಕ್ಕೆ ಮುಪ್ಪು ಬಂದಂತೆ ಕಂಡಿತು. ನಲ್ಲಿ ತಿರುಗಿಸಿದರೆ ಟಕಟಕ ಎನ್ನುವುದು, ಹೊತ್ತಿಕೊಳ್ಳದು. ಹೊತ್ತಿದರೆ ನೀಲಿಯಾಗಿರಬೇಕಾದ ಉರಿ ಹಳದಿ. ಮೇಲಿನ ಗೋಡೆಯಲ್ಲಿ ಮಸಿ. ಪೇಟೆಯಿಂದ ಬಂದ ರಿಪೇರಿಯವನು ಬ್ಯಾಟರಿ ಬದಲಾಯಿಸಿದ, ನೀರು ಒಳಬರುವ ಕಡೆಯ ಜಾಲರಿಯ ಕೆಸರು ತೊಳೆದ, ರಬ್ಬರಿನ ಡಯಾಫ್ರಾಮ್ ಹೊಸದು ಹಾಕಿದ. “ಇನ್ನೂ ಐದು ವರ್ಷಕ್ಕೆ ಚಿಂತೆ ಇಲ್ಲ ಮೇಷ್ಟ್ರೇ” ಎಂದ. ನಾನೂ ನಂಬಿದೆ.

ಮೂರನೆಯ ದಿನ ಬೆಳಗ್ಗೆ ನನ್ನಾಕೆ ಸ್ನಾನಕ್ಕೆ ಹೋದಳು. ಇರಚಲು ಹೊಡೆಯುತ್ತದೆಂದು ಗವಾಕ್ಷಿ ಮುಚ್ಚಿತ್ತು. ಸ್ವಲ್ಪ ಹೊತ್ತಿಗೆ ಹಿತ್ತಾಳೆ ಚೊಂಬು ಉರುಳಿದ ಸದ್ದಾಯಿತು. ನೀರು ಬೀಳುವ ಸದ್ದು ಮಾತ್ರ ನಿಲ್ಲಲಿಲ್ಲ. ಕರೆದೆ, ಉತ್ತರವಿಲ್ಲ. ಮಳೆಗೆ ಬಾಗಿಲು ಉಬ್ಬಿಕೊಂಡು ಚಿಲಕ ಕೂರುತ್ತಿರಲಿಲ್ಲ. ಅದನ್ನು ಸರಿಮಾಡಿಸಿ ಎಂದು ಅವಳು ತಿಂಗಳಿಂದ ಹೇಳುತ್ತಿದ್ದಳು, ನಾನು ಮರೆಯುತ್ತಿದ್ದೆ. ಆ ಮರೆವೇ ಅವಳನ್ನು ಉಳಿಸಿತು. ಗೋಡೆಗೊರಗಿ ಕುಳಿತಿದ್ದಳು, ಕಣ್ಣು ತೆರೆದಿತ್ತು, ಏಳಲಾಗುತ್ತಿರಲಿಲ್ಲ. ಜಗಲಿಗೆ ಎತ್ತಿ ತಂದು ಗಾಳಿಗೆ ಮಲಗಿಸಿದೆವು. ಆಮೇಲೆ ಅವಳು ಹೇಳಿದ ಮಾತು ನನ್ನನ್ನು ಹೆಚ್ಚು ಹೆದರಿಸಿತು: “ರೀ, ಬಾಗಿಲು ತೆಗೀಬೇಕು ಅಂತ ಗೊತ್ತಾಗ್ತಿತ್ತು, ಕಾಲೇ ಏಳಲಿಲ್ಲ.”

ವೈದ್ಯರು ಕೇಳಿದ ಮೊದಲ ಪ್ರಶ್ನೆ “ಬಚ್ಚಲಿನಲ್ಲಿ ಗ್ಯಾಸ್ ಇದೆಯೇ?” ಎಂಬುದು. ಕೂಡಲೇ ಆಮ್ಲಜನಕ ಕೊಟ್ಟರು. ಕೊರೋನಾ ಕಾಲದಲ್ಲಿ ನಾವೆಲ್ಲ ಕೊಂಡಿಟ್ಟುಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮನೆಯಲ್ಲಿ 98 ತೋರಿಸಿತ್ತು. ಅದನ್ನು ನೋಡಿ ನಾವು ಅರ್ಧ ಗಂಟೆ ತಡಮಾಡಿದ್ದೆವು. ಈ ವಿಷದ ಮುಂದೆ ಆ ಉಪಕರಣ ಕುರುಡು. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಅದು ಓದುತ್ತದೆ.

ಈ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸಿಗೆ ಸೋರಿದರೆ ತಿಳಿಯಲೆಂದು ದುರ್ವಾಸನೆ ಬೆರೆಸಿರುತ್ತಾರೆ. ಅದು ಉರಿದು ಹುಟ್ಟುವ ವಿಷಕ್ಕೆ ಅಂಥ ಗುರುತಿಲ್ಲ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಒಲವಿನಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಶುದ್ಧ ಗಾಳಿಯಲ್ಲಿ ಉಸಿರಾಡಿದರೂ ಅದರಲ್ಲಿ ಅರ್ಧ ಬಿಟ್ಟುಹೋಗಲು ನಾಲ್ಕೈದು ಗಂಟೆ ಬೇಕು. ತಲೆನೋವು, ಓಕರಿಕೆ, ಮಂಕು. ಅಷ್ಟರಲ್ಲಿ ಕಾಲಿನ ಬಲವೇ ಹೋಗಿರುತ್ತದೆ. ಬಚ್ಚಲಿನಲ್ಲಿ ಹೀಗೆ ಬಿದ್ದು ಸೆಳೆತ ಬಂದವರಿಗೆ ಅಪಸ್ಮಾರವೆಂದು ತಿಳಿದು ಔಷಧ ಕೊಟ್ಟದ್ದೂ ಉಂಟೆಂದು ನಮ್ಮ ದೇಶದ ನರರೋಗ ತಜ್ಞರೇ ಬರೆದಿದ್ದಾರೆ.

ಕಲ್ಲಿದ್ದಲ ಗಣಿಯವರ ಬದುಕನ್ನು ಕಾದಂಬರಿಯಾಗಿಸಿದ ಎಮಿಲ್ ಜೋಲಾ 1902ರ ಸೆಪ್ಟೆಂಬರ್ 29ರಂದು ಪ್ಯಾರಿಸ್ಸಿನ ತನ್ನ ಮನೆಯಲ್ಲಿ ತೀರಿಕೊಂಡದ್ದು ಇದೇ ಅನಿಲದಿಂದ, ಹೊಗೆಗೂಡು ಕಟ್ಟಿಕೊಂಡಿತ್ತು. ಅದೇ ಕೋಣೆಯಲ್ಲಿದ್ದ ಹೆಂಡತಿ ಬದುಕಿಕೊಂಡಳು. ಎಷ್ಟು ವರ್ಷ ಇದನ್ನು ತರಗತಿಯಲ್ಲಿ ಹೇಳಿದ್ದೇನೆ! ಟಿಪ್ಪಣಿ ಬರೆದುಕೊಂಡ ಹುಡುಗರೂ ಹೇಳಿದ ನಾನೂ ಮನೆಗೆ ಹೋಗಿ ನಮ್ಮ ನಮ್ಮ ಗವಾಕ್ಷಿಯನ್ನು ನೋಡಲಿಲ್ಲ.

ಯಂತ್ರ ಸಣ್ಣದು, ಆದರೆ ಅದರ ಉರಿ ಸಣ್ಣದಲ್ಲ. ನಿಮಿಷಕ್ಕೆ ಆರು ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ನಿಮಿಷಕ್ಕೆ ಸುಮಾರು 16 ಗ್ರಾಂ ಗ್ಯಾಸು ಉರಿಯಬೇಕು. ಒಂದು ಗ್ರಾಂ ಗ್ಯಾಸು ಪೂರ್ತಿಯಾಗಿ ಉರಿಯಲು ಹದಿನೈದು ಗ್ರಾಮಿಗೂ ಹೆಚ್ಚು ಗಾಳಿ ಬೇಕು. ಹತ್ತು ನಿಮಿಷದ ಸ್ನಾನಕ್ಕೆ ಲೆಕ್ಕ ಹಾಕಿದರೆ ಎರಡು ಘನ ಮೀಟರ್ ಗಾಳಿ. ಐದಡಿಗೆ ಆರಡಿಯ, ಎಂಟಡಿ ಎತ್ತರದ ನನ್ನ ಕೋಣೆಯಲ್ಲಿ ಇರುವುದೇ ಏಳು ಘನ ಮೀಟರಿಗೆ ಕಡಿಮೆ. ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದರಷ್ಟಿರುವ ಆಮ್ಲಜನಕ ಎರಡು ಮೂರು ಅಂಶ ಇಳಿಯಿತೆಂದರೆ ಉರಿ ಕೆಡತೊಡಗುತ್ತದೆ. ಕೆಟ್ಟ ಉರಿಯೇ ವಿಷದ ತವರು. ಗಾಳಿ ಹೊರದೂಡುವ ಫ್ಯಾನು ಇದೆಯಲ್ಲ ಎನ್ನಬಹುದು. ಕರೆಂಟಿಲ್ಲವೆಂದೇ ಗ್ಯಾಸಿಗೆ ಹೋದವರು ನಾವು. ಆ ಫ್ಯಾನು ತಿರುಗುವುದು ಯಾವುದರಿಂದ?

ಗೀಸರ್ ಎಂಬ ಹೆಸರೇ ಐಸ್‌ಲ್ಯಾಂಡಿನ ಒಂದು ಬಿಸಿನೀರ ಬುಗ್ಗೆಯದು. ಅಲ್ಲಿಯ ಭಾಷೆಯಲ್ಲಿ ಚಿಮ್ಮುವುದೆಂದು ಅರ್ಥ. ಲಂಡನ್ನಿನ ಬೆಂಜಮಿನ್ ಮಾಘನ್ ಎಂಬ ಬಣ್ಣಗಾರ 1868ರಲ್ಲಿ ಗ್ಯಾಸಿನಿಂದ ನೀರು ಕಾಯಿಸುವ ಯಂತ್ರ ಮಾಡಿ ಅದಕ್ಕೆ ಈ ಹೆಸರಿಟ್ಟ. ಹೊಗೆ ಹೋಗುವ ಕೊಳವೆ ಅದಕ್ಕಿರಲಿಲ್ಲ. ನನ್ನ ಗೋಡೆಯ ಮೇಲಿದ್ದದ್ದಕ್ಕೂ ಇರಲಿಲ್ಲ.

ರಿಪೇರಿಯವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಬದಲಾಯಿಸಿದ ಡಯಾಫ್ರಾಮು ನಿಜಕ್ಕೂ ಹರಿದಿತ್ತು. ನೀರಿನ ಒತ್ತಡಕ್ಕೆ ಆ ರಬ್ಬರು ಉಬ್ಬಿ ಗ್ಯಾಸಿನ ಕವಾಟವನ್ನು ತೆರೆಯುತ್ತದೆ, ಬ್ಯಾಟರಿ ಕಿಡಿ ಕೊಡುತ್ತದೆ, ಉರಿ ಹತ್ತುತ್ತದೆ. ಅವನು ಯಂತ್ರವನ್ನು ಹೊತ್ತಿಕೊಳ್ಳುವಂತೆ ಮಾಡಿದ. ಸರಿಯಾಗಿ ಉರಿಯುವಂತೆ ಮಾಡಲಿಲ್ಲ. ಎರಡೂ ಬೇರೆ ಬೇರೆ ಕೆಲಸಗಳೆಂದು ನನಗೂ ಅವನಿಗೂ ತಿಳಿದಿರಲಿಲ್ಲ. ಉರಿಯ ಮೇಲೆ ನೀರಿನ ಕೊಳವೆ ಸುತ್ತಿದ ತಾಮ್ರದ ಹಲ್ಲುಗಳ ಗೂಡೊಂದಿರುತ್ತದೆ. ಹನ್ನೆರಡು ವರ್ಷದ ಮಸಿ ಅದರ ಸಂದುಗಳನ್ನು ಮುಚ್ಚಿತ್ತು. ಬಿಸಿಗಾಳಿ ಮೇಲೇರಲು ದಾರಿಯಿಲ್ಲದೆ ಉರಿಗೆ ಉಸಿರು ಕಟ್ಟುತ್ತಿತ್ತು. ಹಳದಿ ಉರಿ ಅದನ್ನೇ ಹೇಳುತ್ತಿತ್ತು.

ಹಾಗಾದರೆ ಹಳೆಯದನ್ನು ರಿಪೇರಿ ಮಾಡಿಸಬೇಕೆ, ಬದಲಾಯಿಸಬೇಕೆ? ಬ್ಯಾಟರಿ, ಜಾಲರಿ, ಡಯಾಫ್ರಾಮ್ ಇಷ್ಟೇ ಆದರೆ ರಿಪೇರಿ ಸಾಕು. ಗ್ಯಾಸಿನ ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಹೇಗೂ ಬದಲಾಯಿಸಲೇಬೇಕು. ತಾಮ್ರದ ಗೂಡು ತೂತುಬಿದ್ದಿದ್ದರೆ, ತೊಳೆದರೂ ಉರಿ ನೀಲಿಗೆ ತಿರುಗದಿದ್ದರೆ, ಹೊಗೆಕೊಳವೆಯೇ ಇಲ್ಲದ ಹಳೆಯ ಮಾದರಿಯಾದರೆ, ಅದಕ್ಕೆ ಇನ್ನೊಂದು ರೂಪಾಯಿ ಹಾಕುವುದು ದಂಡ. ಆದರೆ ಹೊಸದನ್ನು ತಂದು ಅದೇ ಮೊಳೆಗೆ ತೂಗುಹಾಕಿದರೂ ಫಲವಿಲ್ಲ. ಕೆಟ್ಟಿದ್ದು ಯಂತ್ರಕ್ಕಿಂತ ಹೆಚ್ಚಾಗಿ ಅದು ಇದ್ದ ಜಾಗ. ಬ್ರಿಟನ್ನಿನ 1998ರ ನಿಯಮದ ಪ್ರಕಾರ ಸ್ನಾನದ ಕೋಣೆಯೊಳಗೆ ಗ್ಯಾಸಿನ ಯಂತ್ರ ಹಾಕುವುದಾದರೆ ಅದು ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊಗೆಯನ್ನು ಹೊರಕ್ಕೇ ಬಿಡುವ ಮುಚ್ಚಿದ ಜಾತಿಯದಾಗಿರಬೇಕು. ಯುರೋಪಿನವರು ರಜೆಗೆ ಹೊರಡುವ ಮೋಟಾರು ಮನೆಗಳಲ್ಲೂ ಚಳಿ ಕಾಯಿಸುವ ಗ್ಯಾಸ್ ಹೀಟರಿಗೆ ಇದೇ ಕ್ರಮ; ಒಳಗೆ ಮಲಗಿದವರ ಗಾಳಿಯನ್ನು ಅದು ಮುಟ್ಟುವುದಿಲ್ಲ.

ನಾವು ಹೊಸದನ್ನು ಕೊಂಡು ಹಿತ್ತಿಲ ಜಗಲಿಯ ಹೊರಗೋಡೆಗೆ, ಮಾಡಿನ ಕೆಳಗೆ, ಕಿಟಕಿಗಳಿಂದ ದೂರವಾಗಿ ಹಾಕಿಸಿದೆವು. ಬಿಸಿನೀರಿನ ಕೊಳವೆಯೊಂದೇ ಗೋಡೆ ದಾಟಿ ಒಳಗೆ ಬರುತ್ತದೆ. ದಾರಿಯಲ್ಲಿ ನೀರು ಸ್ವಲ್ಪ ಆರುತ್ತದೆಂದು ನನ್ನಾಕೆಯ ದೂರು. ಗವಾಕ್ಷಿಯ ಗಾಜು ತೆಗೆಸಿ ಜಾಲರಿ ಹಾಕಿಸಿದ್ದೇವೆ. ಚಿಲಕವನ್ನು ಮಾತ್ರ ಇನ್ನೂ ಸರಿಮಾಡಿಸಿಲ್ಲ.

ಹಳೆಯದನ್ನು ರಿಪೇರಿಯವನು ಕೇಳಿದ. ಹೊತ್ತಿಕೊಳ್ಳುತ್ತದೆ, ಕೊಳ್ಳುವವರಿದ್ದಾರೆ, ಐನೂರು ಕೊಡುತ್ತೇನೆ ಎಂದ. ಅವನ ಕೈಯಿಂದಲೇ ಕವಾಟ ಕಳಚಿಸಿ, ತಾಮ್ರದ ಗೂಡನ್ನು ಸುತ್ತಿಗೆಯಲ್ಲಿ ಜಜ್ಜಿಸಿ, ಗುಜರಿಗೆ ತೂಕಕ್ಕೆ ಹಾಕಿದೆ.